ಹಾರ್ಟ್ ಚೆನ್ನಾಗೈತೆ

"ನರಳ್ದಂಗೆ ಹೋದ. ಪುಣ್ಯವಂತ ಬಿಡವ್ವ," ಎಂದು ಮಾತನಾಡಿಸಲು ಬಂದವರೆಲ್ಲ ಯಶೋದಾಗೆ ಹೇಳಿದ್ದರು. ಮಗ ನಿಂಗರಾಜ್ ಹರಿಹರದ ಬಾಡಿಗೆ ರೂಮಿನಲ್ಲಿ ತಾನಾಗಿಯೇ ಜೀವ ಕಳೆದುಕೊಂಡಿದ್ದ. ಶವ ತಮ್ಮೂರು ಶಾಮನೂರಿಗೆ ಬರುವ ಮೊದಲೇ ಗಂಡ ಮಾರಪ್ಪ ಮನೆಯವರಿಗೆ ಅಪ್ಪಣೆ ಕೊಟ್ಟಿದ್ದ: "ಯಾರು ಕೇಳಿದ್ರೂ ಹಾರ್ಟ್ ಅಟ್ಯಾಕ್ ಅನ್ರಿ." ಅವನೊಬ್ಬನನ್ನೇ ದೂರಿ ಫಲವೇನು? ಹಿಂದೊಮ್ಮೆ ಎದುರು ಓಣಿಯ ಹುಡುಗಿ ಹಾಗೆ ತೀರಿಕೊಂಡಾಗ ಊರ ಬಾಯಿ ಏನೇನು ಆಡಿತ್ತೆಂದು ಇಬ್ಬರಿಗೂ ಗೊತ್ತಿತ್ತು. "ಹಿಂಗ್ ಮಾಡ್ಕೊಂಡ್ಳಂತೆ" ಎಂದು ದನಿ ತಗ್ಗಿಸುವುದು, ಆಮೇಲೆ ಹೆತ್ತವರ ಮಾನವನ್ನು ಬೀದಿಗೆಳೆಯುವುದು. ಸತ್ತವಳ ಹೆಸರು ಕೂಡ ಯಾರಿಗೂ ಬೇಕಿರಲಿಲ್ಲ.

ಯಶೋದಾ ಕೂಡ ಅದೇ ಸುಳ್ಳು ಹೇಳಿದಳು. ಹೇಳಿದಾಗಲೆಲ್ಲ ಮಗನ ಮುಖ ಕಣ್ಣೆದುರು ಬಂದು ನಾಚಿಕೆಯಿಂದ ಕುಗ್ಗಿದಳು. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ನರಳಿದವನು ಈಗ ನರಳದೆ ಹೋದ ಪುಣ್ಯವಂತನಾಗಿಬಿಟ್ಟಿದ್ದ.

ಸುಳ್ಳು ಅಷ್ಟಕ್ಕೇ ನಿಲ್ಲಲಿಲ್ಲ. ನಂದಿಗುಡಿಯಿಂದ ಮಾರಪ್ಪನ ಅಕ್ಕ ಕಾಳವ್ವ ಬಂದಿಳಿದಳು. ಹಿಡಿದ ಹಟ ಬಿಡುವ ಪೈಕಿಯಲ್ಲ ಅವಳು. "ಅಣ್ಣಗೆ ಹಾರ್ಟು ಅಂದ್ಮ್ಯಾಲೆ ತಂಗಿಗೂ ಇರಬೌದು. ಪೂಜಾನ್ನ ಕರ್ಕೊಂಡೋಗಿ ತೋರ್ಸಾನ ನಡಿ," ಅಂದಳು. ಬ್ಯಾಡ ಅನ್ನಲು ಮಾರಪ್ಪನ ಬಳಿ ಒಂದು ಕಾರಣವೂ ಇರಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಇಸಿಜಿ, ಎಕೋ ಎಲ್ಲ ಆಯಿತು. ಪರದೆಯಾಚೆಯಿಂದ ದುಪ್ಪಟ್ಟಾ ಸರಿಮಾಡಿಕೊಳ್ಳುತ್ತ ಬಂದ ಮಗಳನ್ನು ನೋಡಿ ಯಶೋದಾಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಪ್ಪ-ಅಮ್ಮನ ಮಾನ ಉಳಿಸಲು ಈ ಹುಡುಗಿ ಇಲ್ಲದ ರೋಗದ ಪರೀಕ್ಷೆಗೆ ಮಲಗಿ ಎದ್ದಿದ್ದಳು.

"ಹಾರ್ಟ್ ಚೆನ್ನಾಗಿದೆ," ಎಂದರು ಡಾಕ್ಟರಮ್ಮ. ಕಾಳವ್ವ ಎದೆಯ ಬಳಿ ಕೈಮುಗಿದಳು. "ಬೇರೆ ಏನಾದ್ರೂ ತೊಂದ್ರೆ ಇದೆಯೇನಮ್ಮಾ?" ಎಂದು ಡಾಕ್ಟರಮ್ಮ ಪೂಜಾಳನ್ನು ಕೇಳಿದರು.

ಪೂಜಾ ಡಾಕ್ಟರರತ್ತ ನೋಡಲಿಲ್ಲ. ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಹೇಳ್ಲೇನವ್ವಾ?"

ಏನನ್ನು ಎಂದು ಯಶೋದಾ ಕೇಳಲಿಲ್ಲ. ಮಗಳ ಕಣ್ಣ ಕೆಳಗಿನ ಕಪ್ಪು ಅಳುವಿನದೆಂದು ಇಷ್ಟು ದಿನ ನಂಬಿದ್ದಳು. ಅಂಥದೇ ಕಪ್ಪು ನಿಂಗರಾಜನ ಕಣ್ಣ ಕೆಳಗೂ ಇತ್ತು. ನೋವು ಹೇಳಿಕೊಳ್ಳಲೂ ಈ ಮಗು ತನ್ನ ಅಪ್ಪಣೆ ಕೇಳಬೇಕಾಯಿತಲ್ಲ! ಹಾಗೆ ಮಾಡಿದವಳು ತಾನೇ.

ಪಕ್ಕದಲ್ಲೇ ಕಾಳವ್ವ ಕೂತಿದ್ದಳು. ಇಲ್ಲಿ ಆಡಿದ್ದು ಸಂಜೆಯೊಳಗೆ ನಂದಿಗುಡಿ ಮುಟ್ಟುತ್ತದೆ. ಮುಟ್ಟಲಿ.

"ನನ್ನ ಮಗನ ಹಾರ್ಟಿಗೂ ಏನೂ ಆಗಿರ್ಲಿಲ್ರಿ ಮೇಡಂ," ಎಂದಳು ಯಶೋದಾ. "ಅವ್ನ ಮನಸ್ಸಿಗೆ ಹುಷಾರಿರ್ಲಿಲ್ಲ. ತಾನೇ ಜೀವ ಕಳ್ಕಂಡ. ನಾವು ಎಲ್ರಿಗೂ ಸುಳ್ಳು ಹೇಳಿದ್ವಿ. ಈಗ ಇವ್ಳು ಹೇಳದು ಕೇಳ್ರಿ."

ಕಾಳವ್ವನ ಮುಗಿದ ಕೈ ಹಾಗೇ ಉಳಿಯಿತು. ಅವಳತ್ತ ತಲೆಯೆತ್ತಲಾಗದೆ ಯಶೋದಾ ಮಗಳ ಕೈ ಹಿಡಿದುಕೊಂಡಳು.

"ಹೇಳವ್ವ," ಅಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು.

"ಅಣ್ಣನ ಹಂಗೆ ನಂಗೂ ನಿದ್ದೆ ಬರ್ತಿಲ್ರಿ," ಎಂದು ಪೂಜಾ ಶುರುಮಾಡಿದಳು.