ಬಗ್ಗಬೇಡ ಎಂದವನು

ನನ್ನ ಕೈಗುಣದ ಬಗ್ಗೆ ಜನ ಆಡುವ ಮಾತು ಕೇಳಿದ್ದರೆ ನೀವೂ ಬಂದು ನನ್ನ ಮುಂದೆ ಬೆನ್ನು ಕೊಟ್ಟು ಮಲಗಿಬಿಡುತ್ತಿದ್ದಿರಿ. ಇಪ್ಪತ್ತಾರು ವರ್ಷದಿಂದ ನಾನು ಫಿಜಿಯೋಥೆರಪಿಸ್ಟ್. ಗೋಡೆ ಹಿಡಿದುಕೊಂಡು ಬಂದವರು ಕೈ ಬೀಸಿಕೊಂಡು ಹೋಗುವುದನ್ನು ನೋಡಿ ನೋಡಿ ನನಗೆ ಒಂದಿಷ್ಟು ಕೊಬ್ಬೂ ಬಂದಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಒಪ್ಪಿಕೊಳ್ಳಬೇಕಾದದ್ದು ಇನ್ನೂ ಬಹಳ ಇದೆ.

ನನ್ನ ಕೆಲಸದ ರೀತಿ ಹೀಗಿತ್ತು. ಸೊಂಟ ಹಿಡಿದುಕೊಂಡವರನ್ನು ಪಕ್ಕಕ್ಕೆ ಮಲಗಿಸಿ, ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು, ಅವರು ಉಸಿರು ಬಿಡುವ ಹೊತ್ತಿಗೆ ನನ್ನ ಮೈಭಾರ ಬಿಟ್ಟು ಒಮ್ಮೆ ತಿರುವುತ್ತಿದ್ದೆ. ಬೆನ್ನಲ್ಲಿ ಟಕ್ ಎನ್ನುತ್ತಿತ್ತು. "ಕೂತಿತು" ಎನ್ನುತ್ತಿದ್ದೆ. ಜಾರಿದ ಮೂಳೆ ಜಾಗಕ್ಕೆ ಬಂದು ಕೂತಿತು ಎಂದು ಅರ್ಥ. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಬೆನ್ನುಮೂಳೆಯನ್ನು ಎತ್ತಿಕೊಂಡು ಬೆರಳಿನಿಂದ ಒತ್ತುತ್ತಿದ್ದೆ. ಎರಡು ಮೂಳೆಗಳ ನಡುವಿನಿಂದ ಕೆಂಪು ರಬ್ಬರಿನ ಚೂರೊಂದು ಹೊರಗೆ ಇಣುಕುತ್ತಿತ್ತು. "ನೋಡಿ, ನಿಮ್ಮದು ಹೀಗಾಗಿತ್ತು. ಇನ್ಮೇಲೆ ಬಗ್ಗಬೇಡಿ. ಎರಡು ಕೆಜಿಗಿಂತ ಜಾಸ್ತಿ ಎತ್ತಬೇಡಿ. ತಿಂಗಳಿಗೊಂದ್ಸಲ ಬಂದು ಕೂರಿಸ್ಕೊಂಡು ಹೋಗಿ." ಜನ ಬರುತ್ತಿದ್ದರು. ವರ್ಷಗಟ್ಟಲೆ ಬರುತ್ತಿದ್ದರು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಹಾಗೆ ಬರುವವರಲ್ಲಿ ನನ್ನ ಅಕ್ಕನೂ ಒಬ್ಬಳು. ಎಂಟು ವರ್ಷದ ಹಿಂದೆ ಅವಳದೊಂದು ಸಸಿಗಳ ನರ್ಸರಿ ಇತ್ತು. ದಿನವಿಡೀ ಮಣ್ಣಿನಲ್ಲಿ ಬಗ್ಗಿಕೊಂಡೇ ಇರುತ್ತಿದ್ದವಳು ಒಂದು ಬೆಳಗ್ಗೆ ಗೊಬ್ಬರದ ಚೀಲ ಎತ್ತುವಾಗ ಸೊಂಟ ಹಿಡಿದು ಅಲ್ಲೇ ಕುಸಿದಳು. ನಾನು ಹೋಗಿ ಕೂರಿಸಿದೆ. ಮೂರು ವಾರದಲ್ಲಿ ನೋವು ಹೋಯಿತು. ಅಂಥ ನೋವು ಹೆಚ್ಚಿನವರಿಗೆ ಮೂರು ನಾಲ್ಕು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಕೆಂಪು ರಬ್ಬರನ್ನು ಅವಳಿಗೂ ತೋರಿಸಿದೆ. ಒಡಹುಟ್ಟಿದವಳಲ್ಲವೇ, ಬೇರೆಯವರಿಗಿಂತ ಎರಡು ಪಟ್ಟು ಹೆಚ್ಚು ಹೆದರಿಸಿದೆ. "ಇನ್ನೊಂದ್ಸಲ ಜಾರಿದ್ರೆ ಕಾಲು ಎಳ್ಕೊಂಡು ಓಡಾಡ್ಬೇಕಾಗುತ್ತೆ ಅಕ್ಕ" ಎಂದೆ. ಅವಳು ನರ್ಸರಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಈಗ ಅವಳ ಕಿಟಕಿಯ ಕಟ್ಟೆಯ ಮೇಲೆ, ಬಗ್ಗದೆ ನೀರು ಹಾಕಬಹುದಾದ ಎತ್ತರದಲ್ಲಿ, ನಾಲ್ಕು ಕುಂಡಗಳಿವೆ.

ಹೋದ ವರ್ಷ ನಮ್ಮ ಕ್ಲಿನಿಕ್ಕಿಗೆ ಹೊಸಬಳೊಬ್ಬಳು ಸೇರಿದಳು. ಓದು ಮುಗಿಸಿ ಇನ್ನೂ ನಾಲ್ಕು ವರ್ಷ ಆಗಿರಲಿಲ್ಲ. ಅವಳ ಬ್ಯಾಗಿನಲ್ಲಿ ಊಟದ ಡಬ್ಬಿಗಿಂತ ಸಂಶೋಧನಾ ಲೇಖನಗಳ ಕಟ್ಟೇ ದಪ್ಪ. ನಾನು ಅವಳಿಗೆ 'ಪೇಪರ್' ಎಂದು ಹೆಸರಿಟ್ಟೆ. ಪುಣ್ಯಾತ್ಗಿತ್ತಿ, ಬೇಜಾರು ಮಾಡಿಕೊಳ್ಳದೆ ಆ ಹೆಸರಿಗೇ ಓಗೊಟ್ಟಳು. ಪ್ರತಿ ಬುಧವಾರ ಊಟದ ಹೊತ್ತಿನಲ್ಲಿ ನಾವು ನಾಲ್ಕೂ ಜನ ಥೆರಪಿಸ್ಟ್‌ಗಳು ಕೂತು ಒಂದು ಲೇಖನ ಓದೋಣ, ಅದರ ಪಕ್ಕ ನಮ್ಮದೇ ರೋಗಿಯೊಬ್ಬರ ಕಾರ್ಡ್ ಇಟ್ಟು ನೋಡೋಣ ಎಂದು ಅವಳೇ ಶುರು ಮಾಡಿದಳು. ಉಳಿದಿಬ್ಬರು ಹೂಂ ಎಂದರು. ನನಗೆ ಮೈ ಉರಿಯಿತು. ಆದರೂ ಹೋದೆ, ಕಾಲೆಳೆಯುವುದಕ್ಕೆ ಒಂದು ಅವಕಾಶ ಸಿಕ್ಕಿತಲ್ಲ ಎಂದು.

ಒಂದು ಬುಧವಾರ ಅವಳು ನನ್ನ ಟಕ್ಕಿಗೇ ಕೈ ಹಾಕಿದಳು.

"ಸರ್, ಆ ಸದ್ದು ಕೀಲಿನೊಳಗೆ ಗಾಳಿಗುಳ್ಳೆ ಆಗೋದ್ರಿಂದ ಬರೋದು. ಮೂಳೆ ಜಾರಿರೋದೂ ಇಲ್ಲ, ಕೂರೋದೂ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾನು ಗಾಳಿ ಕೂರಿಸ್ತಿದ್ನಾ?" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಬಿಡಲಿಲ್ಲ.

"ಕೈ ಬಿಡಿ ಅಂತ ಯಾರೂ ಹೇಳ್ತಿಲ್ಲ ಸರ್. ನಿಮ್ಮ ಕೈಯಿಂದ ನೋವು ಕಮ್ಮಿ ಆಗುತ್ತೆ, ಸ್ವಲ್ಪ ದಿನದ ಮಟ್ಟಿಗೆ. ಅಷ್ಟರಲ್ಲಿ ಅವರು ಧೈರ್ಯವಾಗಿ ಬಗ್ಗೋ ಹಾಗೆ, ಎತ್ತೋ ಹಾಗೆ ಮಾಡ್ಬೇಕು. ಕೈ ಇಟ್ಕೊಂಡು ಬಾಯಲ್ಲಿ ಏನು ಹೇಳ್ತೀವಿ ಅನ್ನೋದೂ ಮುಖ್ಯ. ಹೆದರಿಸಿ ಕಳ್ಸಿದ್ರೆ ಅವರ ಬೆನ್ನು ಇನ್ನೂ ಸೋಲುತ್ತೆ." ಮತ್ತೆ ಕೇಳಿದಳು, "ಆ ಎರಡು ಕೆಜಿ ಎಲ್ಲಿಂದ ಬಂತು ಸರ್?"

ಎಲ್ಲಿಂದ ಬಂತು? ನನಗೆ ನನ್ನ ಗುರುಗಳು ಹೇಳಿದ್ದರು. ಅವರಿಗೆ ಅವರ ಗುರುಗಳು ಹೇಳಿದ್ದಿರಬೇಕು. ಒಂದೂವರೆ ಯಾಕಲ್ಲ, ಐದು ಯಾಕಲ್ಲ ಎಂದು ಒಂದು ದಿನವೂ ನಾನು ಕೇಳಿಕೊಂಡಿರಲಿಲ್ಲ. "ಅನುಭವದಿಂದ" ಎಂದೆ. ಉತ್ತರ ಗೊತ್ತಿಲ್ಲದಾಗ ವಯಸ್ಸಾದವರು ಹೇಳುವ ಮಾತು ಅದು. ಹೇಳಿದ ಮೇಲೆ ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರುವುದಿಲ್ಲ. "ಪೇಪರಲ್ಲಿರೋರನ್ನ ಬಿಡಮ್ಮ. ನಮ್ಮ ರೋಗಿಗಳನ್ನೇ ಕೇಳು. ನನ್ನವರು ಏನು ಹೇಳ್ತಾರೆ ನೋಡು" ಎಂದುಬಿಟ್ಟೆ.

ಅವಳು ಕೇಳಿಯೇಬಿಟ್ಟಳು. ಒಬ್ಬೊಬ್ಬರ ಹಳೇ ಕಾರ್ಡ್‌ಗಳಿಂದ ಕಣ್ಣುಮುಚ್ಚಿ ಮೂವತ್ತು ಆರಿಸುವುದು, ಯಾರೂ ತಮ್ಮ ರೋಗಿಗಳಿಗೆ ತಾವೇ ಫೋನ್ ಮಾಡಬಾರದು, ಎಲ್ಲರಿಗೂ ಎರಡೇ ಪ್ರಶ್ನೆ: ಈಗ ನೋವು ಹೇಗಿದೆ, ಮುಂಚೆ ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು. ನನ್ನ ಮೂವತ್ತು ಕಾರ್ಡ್‌ಗಳು ಪೇಪರ್ ಪಾಲಿಗೆ ಹೋದವು. ಗೆಲ್ಲುತ್ತೇನೆ ಎಂಬ ನಂಬಿಕೆ ನನಗೆ ಎಷ್ಟಿತ್ತೆಂದರೆ ಅವಳಿಗೆ ಫೋನ್ ನಂಬರ್ ಹುಡುಕಿಕೊಟ್ಟವನೂ ನಾನೇ.

ಮೂರು ವಾರದ ನಂತರ, ಬುಧವಾರ, ಅವಳು ಕಾರ್ಡ್‌ಗಳನ್ನು ನನ್ನ ಮುಂದಿಟ್ಟು "ನೀವೇ ಒಮ್ಮೆ ಓದಿ ಸರ್, ಇವತ್ತಿನ ಮೀಟಿಂಗ್‌ಗೆ ಇದನ್ನ ತರಲ್ಲ" ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ಆ ದಾಕ್ಷಿಣ್ಯವೇ ನನ್ನನ್ನು ಹೆದರಿಸಿತು.

ನೋವಿನ ಉತ್ತರಗಳು ನನ್ನ ಪರವಾಗಿಯೇ ಇದ್ದವು. 'ಪರವಾಗಿಲ್ಲ', 'ಕಮ್ಮಿ ಇದೆ', 'ದೇವರಂಥ ಡಾಕ್ಟ್ರು'. ಎರಡನೇ ಪ್ರಶ್ನೆಗೆ ಬಂದೆ. ಬಡಗಿಯೊಬ್ಬ: 'ಉಳಿ ಹಿಡಿಯುವುದು ಬಿಟ್ಟು ಆರು ವರ್ಷವಾಯಿತು. ಬಗ್ಗಬಾರದು ಅಂದಿದ್ದಾರೆ.' ಶಾಲೆಯ ಟೀಚರ್: 'ಮಕ್ಕಳ ಜೊತೆ ನೆಲದ ಮೇಲೆ ಕೂರುವುದಿಲ್ಲ. ಜಾರಿಬಿಡುತ್ತೆ ಅಂದಿದ್ದಾರೆ.' ಈಜು ಬಿಟ್ಟವರು, ಸೈಕಲ್ ಬಿಟ್ಟವರು, ಒಬ್ಬಾತ ತನ್ನ ಬೂಟಿನ ಲೇಸನ್ನು ಹೆಂಡತಿ ಕೈಲಿ ಕಟ್ಟಿಸಿಕೊಳ್ಳುತ್ತಿದ್ದ. ಅಂದಿದ್ದಾರೆ, ಅಂದಿದ್ದಾರೆ, ಅಂದಿದ್ದಾರೆ. ಅಂದವನು ನಾನೇ. ಮೂವತ್ತರಲ್ಲಿ ಹತ್ತೊಂಬತ್ತು ಜನ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಬದುಕಿನ ಒಂದೊಂದು ತುಂಡನ್ನು ಬಿಟ್ಟುಕೊಟ್ಟಿದ್ದರು. ಉಳಿದ ಮೂವರು ಥೆರಪಿಸ್ಟ್‌ಗಳ ಕಾರ್ಡ್‌ಗಳಲ್ಲಿ ಅಂಥವರು ಆರು, ಏಳು, ನಾಲ್ಕು.

ಇಪ್ಪತ್ತೆರಡನೇ ಕಾರ್ಡ್ ಅಕ್ಕನದು. ಅವಳು ನನ್ನ ಅಕ್ಕ ಎಂದು ಪೇಪರ್‌ಗೆ ಗೊತ್ತಿರಲಿಲ್ಲ. ಅಕ್ಕ ಫೋನಿನಲ್ಲಿ ಹೇಳಿದ್ದನ್ನು ಪೇಪರ್ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ಮೊಮ್ಮಗಳನ್ನು ಎತ್ತಿಕೊಂಡಿಲ್ಲ. ಹುಟ್ಟಿದಾಗಿನಿಂದ ಒಂದು ಸಲವೂ ಇಲ್ಲ. ಈಗ ಏಳು ವರ್ಷ.'

ಕೂಸು ಹುಟ್ಟಿದಾಗ ಮೂರು ಕೆಜಿ ಇತ್ತು. ಎರಡು ಕೆಜಿಯ ಗೆರೆ ದಾಟಿಯೇ ಹುಟ್ಟಿತ್ತು. ಆಸ್ಪತ್ರೆಯಲ್ಲಿ ಮಗಳು ಕೂಸನ್ನು ನೀಡಿದಾಗ ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. "ಭೇಷ್ ಅಕ್ಕ" ಎಂದು ಬೆನ್ನು ಬೇರೆ ತಟ್ಟಿದ್ದೆ. ಕಾರ್ಡ್ ಹಿಡಿದುಕೊಂಡು ಕೂತಾಗ ನೆನಪಾದದ್ದು ಆ ಮಾತೇ, ಮತ್ತು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು.

ಇಲ್ಲಿಗೇ ನಿಂತಿದ್ದರೆ ನನ್ನ ತಪ್ಪಿಗೆ ಅಜ್ಞಾನ ಎಂಬ ಒಂದು ನೆಪವಾದರೂ ಇರುತ್ತಿತ್ತು. ಶನಿವಾರ ಅಕ್ಕ ಎಂದಿನಂತೆ ತಿಂಗಳ ಸರದಿಗೆ ಬಂದಳು. ಹೇಳಿಬಿಡಬೇಕು ಎಂದು ಬೆಳಗ್ಗೆಯಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಅವಳು ಮಂಚದ ಮೇಲೆ ಪಕ್ಕಕ್ಕೆ ಮಲಗಿ, ಕಣ್ಣು ಮುಚ್ಚಿ, "ಈ ಸಲ ಸ್ವಲ್ಪ ಜಾಸ್ತೀನೇ ಜಾರಿದೆ ಅನ್ಸುತ್ತೆ ಕಣೋ" ಎಂದಳು. ಕೈಗಳು ತಮ್ಮ ಪಾಡಿಗೆ ತಮ್ಮ ಜಾಗಕ್ಕೆ ಹೋದವು. ಟಕ್ ಎಂದಿತು. ಅವಳು ಕಾಯುತ್ತಿದ್ದಳು.

"ಕೂತಿತು" ಎಂದೆ.

ಅವಳು ನೆಮ್ಮದಿಯಿಂದ ಎದ್ದು, ಬೆನ್ನು ನೆಟ್ಟಗೆ ಇಟ್ಟುಕೊಂಡು, ಗಾಜಿನ ಹೂಜಿ ಹೊತ್ತವಳ ಹಾಗೆ ಮೆಟ್ಟಿಲು ಇಳಿದು ಹೋದಳು. ನಾನು ಮುಂದಿನ ರೋಗಿಯನ್ನು ಕಾಯಿಸಿ ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಅದಾಗಿ ಏಳೆಂಟು ದಿನ ಅನ್ನ ಸೇರಲಿಲ್ಲ. ಬೇರೆ ರೋಗಿಗಳಿಗೆ ಆ ಮಾತು ಹೇಳುವುದನ್ನು ನಿಲ್ಲಿಸಿದೆ, ಪ್ಲಾಸ್ಟಿಕ್ ಬೆನ್ನುಮೂಳೆಯನ್ನು ಬೀರುವಿಗೆ ತಳ್ಳಿದೆ, ಬಡಗಿಗೆ ಫೋನ್ ಮಾಡಿ ಬರಹೇಳಿದೆ. ಅಕ್ಕನ ನಂಬರ್ ಮಾತ್ರ ಒತ್ತಲಾಗಲಿಲ್ಲ. ಕೊನೆಗೆ ಭಾನುವಾರ ಅವಳ ಮನೆಗೇ ಹೋದೆ.

ಅಕ್ಕ ಎತ್ತರದ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳ ಕೈಯಿಂದ ಚಾಕು ಜಾರಿ ನೆಲಕ್ಕೆ ಬಿತ್ತು. ಒಳಗಿನ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ ಮೊಮ್ಮಗಳು ಆ ಸದ್ದಿಗೇ ಓಡಿ ಬಂದು, ಚಾಕು ಎತ್ತಿ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ವಾಪಸ್ಸು ಹೋದಳು. ಆ ಮನೆಯಲ್ಲಿ ಏನು ಬಿದ್ದರೂ ಎತ್ತುವುದು ಅವಳ ಕೆಲಸ ಎಂದು ಅವಳಿಗೆ ಯಾರೂ ಹೇಳಬೇಕಾಗಿಯೇ ಇರಲಿಲ್ಲ.

ನಾನು ಕೂತು ಎಲ್ಲವನ್ನೂ ಹೇಳಿದೆ. ಮೂಳೆ ಜಾರಿರಲಿಲ್ಲ. ಕೂತದ್ದೂ ಇಲ್ಲ. ಎರಡು ಕೆಜಿಗೆ ಆಧಾರವಿಲ್ಲ. ಒಂದು ತಿಂಗಳಾದ ಮೇಲೆ ಮೆಲ್ಲಗೆ ಬಗ್ಗಿ, ಮೆಲ್ಲಗೆ ಎತ್ತಿ ಅಭ್ಯಾಸ ಮಾಡಿಕೊಂಡಿದ್ದರೆ ಇಷ್ಟು ಹೊತ್ತಿಗೆ ನೀನು ಚೀಲವನ್ನೇ ಎತ್ತಬಹುದಿತ್ತು. "ನಾನೇ ನಿನ್ನ ಬೆನ್ನಿಗೆ ಹೆದರಿಕೆ ಕಲಿಸ್ದೆ ಅಕ್ಕ. ತಪ್ಪಾಯ್ತು."

ಅಕ್ಕ ತರಕಾರಿಯ ಚೂರುಗಳನ್ನು ಒಂದು ಕಡೆಗೆ ಒಟ್ಟುಮಾಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿನಗೆ ಇದು ಯಾವಾಗ ಗೊತ್ತಾಯ್ತು?"

"ಹನ್ನೊಂದು ದಿನ ಆಯ್ತು. ಬುಧವಾರ."

"ನಾನು ಬಂದಿದ್ದು ಅದಾದ್ಮೇಲೆ, ಶನಿವಾರ."

"ಹೌದು" ಎಂದೆ.

"ಎಂಟು ವರ್ಷದ್ದು ಬಿಡು. ನಿನಗೂ ಯಾರೋ ಹಾಗೇ ಹೇಳ್ಕೊಟ್ಟಿದ್ರು, ನೀನೂ ನಂಬಿದ್ದೆ" ಎಂದಳು. "ಆ ಶನಿವಾರ ಕೂತಿತು ಅಂದ್ಯಲ್ಲ, ಅದನ್ನ ಏನು ಮಾಡ್ಲಿ?"

"ನಾಚಿಕೆ ಆಯ್ತು ಅಕ್ಕ. ಬಾಯಿ ಬರ್ಲಿಲ್ಲ."

"ಬಂತಲ್ಲ. ಕೂತಿತು ಅನ್ನೋಕೆ ಬಂತಲ್ಲ."

ಒಳಗಿಂದ ಮೊಮ್ಮಗಳು ಪೆನ್ಸಿಲ್ ಕೆರೆಯುವ ಸದ್ದು ಕೇಳುತ್ತಿತ್ತು. "ನಾಳೆ ಬಾ, ನಾನೇ ಮೊದಲಿಂದ ಶುರು ಮಾಡಿಸ್ತೀನಿ" ಎಂದೆ. ಅಕ್ಕ ಚಾಕುವನ್ನು ಕೈಗೆ ತೆಗೆದುಕೊಂಡಳು.

"ಬರ್ತೀನಿ. ನಿನ್ನ ಹತ್ರ ಅಲ್ಲ. ಆವತ್ತು ಫೋನ್ ಮಾಡಿ ಕೇಳಿದ್ಲಲ್ಲ, ಆ ಹುಡುಗಿ ಹತ್ರ. ನಿನ್ನ ಕೈ ನನಗಿನ್ನು ಬೇಡ ಕಣೋ."

ಇಪ್ಪತ್ತಾರು ವರ್ಷದಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಹೇಳಿದಳು. ಎದ್ದು ಬಂದೆ.

ಸೋಮವಾರ ಹತ್ತು ಗಂಟೆಗೆ ಅಕ್ಕ ಬಂದು ನನ್ನ ಕೋಣೆಯನ್ನು ದಾಟಿ ಪೇಪರ್ ಇದ್ದ ಕೋಣೆಗೆ ಹೋದಳು. ಪೇಪರ್ ಅವಳ ಹತ್ತಿರ ಕೂತು ಬಹಳ ಹೊತ್ತು ಮಾತಾಡಿದಳು, ಬೆನ್ನಿನ ಮೇಲೆ ಕೈಯಿಟ್ಟು ನೋಡಿದಳು, ಆಮೇಲೆ ನೆಲದ ಮೇಲೆ ಒಂದು ಖಾಲಿ ಪೆಟ್ಟಿಗೆ ಇಟ್ಟು "ಇದನ್ನ ಎತ್ತಿ ಮೇಜಿನ ಮೇಲಿಡಿ ಅಮ್ಮ, ಹೇಗೆ ಅನುಕೂಲವೋ ಹಾಗೆ" ಎಂದಳು. ಇದೆಲ್ಲ ನನಗೆ ಗೊತ್ತಾದದ್ದು ನಾನು ಕೆಲಸ ಬಿಟ್ಟು ಅವರ ಬಾಗಿಲಲ್ಲಿ ನಿಂತಿದ್ದರಿಂದ.

ಅಕ್ಕ ಪೆಟ್ಟಿಗೆಯನ್ನು ನೋಡಿದಳು. ಒಂದು ಕೈ ಸೊಂಟಕ್ಕೆ ಹೋಯಿತು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈ ಬೇಡ ಎಂದವಳು ಬಗ್ಗುವುದಕ್ಕೆ ನನ್ನ ಅಪ್ಪಣೆ ಕೇಳುತ್ತಿದ್ದಳು.

"ಬಗ್ಗು ಅಕ್ಕ. ಏನೂ ಆಗಲ್ಲ" ಎಂದೆ.

"ನಿನ್ನನ್ನ ಕೇಳ್ಲಿಲ್ಲ" ಎಂದು ಮುಖ ತಿರುಗಿಸಿದಳು. ಆದರೂ ಬಗ್ಗಲಿಲ್ಲ. ಸೊಂಟದ ಮೇಲಿನ ಕೈ ಅಲ್ಲೇ ಇತ್ತು. ಪೇಪರ್ ನನ್ನ ಕಡೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಹೊರಗೆ ಬಂದು ಬಾಗಿಲು ಮುಚ್ಚಿದೆ.

ಬಹಳ ಹೊತ್ತು ಒಳಗೆ ಏನೂ ಕೇಳಿಸಲಿಲ್ಲ. ಪೇಪರ್ ಅವಸರ ಮಾಡುತ್ತಿರಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು, ಅಕ್ಕ ಉಸಿರು ಬಿಟ್ಟದ್ದೂ ಕೇಳಿತು. ನನ್ನ ಕಣ್ಣು ತುಂಬಿ ಬಂತು, ಸಂತೋಷಕ್ಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಖಾಲಿ ಪೆಟ್ಟಿಗೆ ಒಂದು ಕೆಜಿಯೂ ಇರಲಿಲ್ಲ. ಮೊಮ್ಮಗಳು ಇಪ್ಪತ್ತೆರಡು ಕೆಜಿ ಇದ್ದಾಳೆ, ಮತ್ತು ತಿಂಗಳು ತಿಂಗಳೂ ಬೆಳೆಯುತ್ತಿದ್ದಾಳೆ.