ಉಪ್ಪು ಹೊಕ್ಕ ಕುಳಿಯ ಪುಲಾಕಾ

ಪೆನೀನಾ ಬೆಳಿಗ್ಗೆಯಿಂದ ಕುಳಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗಡ್ಡೆ ಕೀಳುತ್ತಿದ್ದಳು. ಅಜ್ಜಿಯ ಅಜ್ಜಿ ತೋಡಿಸಿದ ಕುಳಿ ಅದು. ಹವಳದ ನೆಲವನ್ನು ಸಿಹಿನೀರು ಸಿಗುವವರೆಗೆ ಅಗೆದು, ತಲೆತಲಾಂತರದಿಂದ ಎಲೆಗೊಬ್ಬರ ತುಂಬಿ, ಪುಲಾಕಾ ಎಂಬ ದೊಡ್ಡ ಕೆಸುವಿನ ಗಡ್ಡೆ ಬೆಳೆದ ಜಾಗ. ದ್ವೀಪಕ್ಕೆ ಯಾವ ಅತಿಥಿ ಬಂದರೂ ಮೊದಲ ತುತ್ತು ಈ ಕುಳಿಯದೇ ಆಗಬೇಕು, ಬಡಿಸುವ ಕೈ ಈ ಮನೆಯ ಹೆಂಗಸಿನದೇ ಆಗಬೇಕು. ಹೋದ ವರ್ಷದ ದೊಡ್ಡ ಉಬ್ಬರದಲ್ಲಿ ಸಮುದ್ರ ನೆಲದಡಿಯಿಂದಲೇ ಉಕ್ಕಿ ಬಂದಿತ್ತು. ಈಗ ಎಲೆಗಳು ಸುಟ್ಟಂತಿದ್ದವು. ಕಿತ್ತ ಗಡ್ಡೆ ಮುಷ್ಟಿಗಿಂತ ದೊಡ್ಡದಿರಲಿಲ್ಲ.

ದ್ವೀಪದ ಹಿರಿಯನೂ ಅವಳ ಸೋದರಮಾವನೂ ಆದ ಕಿತಿಯೋನಾ ಕುಳಿಯ ಅಂಚಿನಲ್ಲಿ ಬಂದು ನಿಂತ.

"ಯಾರಿಗೇ ಇದು?"

"ಮಂತ್ರಿಗಳಿಗೆ."

"ಹಂದೀನೂ ಮೂಸಲ್ಲ ಇದನ್ನ. ಅನ್ನ ಇದೆ, ಮೀನಿದೆ. ಅದನ್ನ ಬಡಿಸು."

"ಮೊದಲ ತುತ್ತು ಈ ಕುಳೀದೇ ಆಗ್ಬೇಕು ಅಂತ ಕಲಿಸಿದ್ದು ನೀವೇ ಅಲ್ವಾ ಮಾವ?"

ಕಿತಿಯೋನಾ ನಿಟ್ಟುಸಿರಿಟ್ಟ. ದೊಡ್ಡ ದೇಶದ ಮಂತ್ರಿ ಕಡಲ ತಡೆಗೋಡೆಗೆ ನೆರವು ತರುತ್ತಿದ್ದಾನೆ, ಸಿಟ್ಟು ತನಗೂ ಇದೆ, ಆದರೆ ಮುಳುಗುವವನು ಹಗ್ಗ ಎಸೆದವನ ಜೊತೆ ಜಗಳಕ್ಕೆ ನಿಲ್ಲಬಾರದು ಎಂದು ತಿಳಿಹೇಳಿದ. ಪೆನೀನಾ ಇನ್ನೊಂದು ಗಡ್ಡೆ ಕಿತ್ತಳು.

ಮೂರು ವರ್ಷದ ಹಿಂದೆ ಇದೇ ಮಂತ್ರಿ ಬಂದಿದ್ದ. ಆಗ ಬಡಿಸಿದವಳು ಅವಳ ತಾಯಿ. ಗಡ್ಡೆ ಬೆಣ್ಣೆಯಂತಿತ್ತು. "ಜನ್ಮದಲ್ಲೇ ಇಂಥ ರುಚಿ ಕಂಡಿಲ್ಲ" ಎಂದು ಎದೆ ಮುಟ್ಟಿಕೊಂಡು ಹೇಳಿದ್ದ. ನಿಮ್ಮ ಕಡಲು ನಮ್ಮ ಕಡಲು, ನಮ್ಮಲ್ಲಿ ಕಲ್ಲಿದ್ದಲು ಸುಡುವುದನ್ನು ನಿಲ್ಲಿಸುತ್ತೇವೆ ಎಂದೂ ಹೇಳಿದ್ದ. ತಾಯಿ ಅದನ್ನು ನಂಬಿ ಮನೆಮನೆಗೂ ಹೇಳಿಬಂದಳು. ವರ್ಷ ತುಂಬುವ ಮೊದಲೇ ಅವನ ಸರ್ಕಾರ ಹೊಸ ಕಲ್ಲಿದ್ದಲು ಗಣಿಗೆ ಅಪ್ಪಣೆ ಕೊಟ್ಟ ಸುದ್ದಿ ರೇಡಿಯೋದಲ್ಲಿ ಬಂತು. ತಾಯಿ ಅಂದಿನಿಂದ ಬೀದಿಗೆ ಇಳಿಯುವುದನ್ನು ಕಡಿಮೆ ಮಾಡಿದಳು. ಉಬ್ಬರದ ನಂತರ, ಸಾಯುವಾಗ, ಒಂದು ತುತ್ತು ಪುಲಾಕಾ ಕೇಳಿದಳು. ಕುಳಿಯಲ್ಲಿ ತಿನ್ನುವಂಥದ್ದು ಇರಲಿಲ್ಲ. ಪೆನೀನಾ ಅಂಗಡಿ ಅಕ್ಕಿಯ ಗಂಜಿ ಹಿಡಿದಾಗ ಮುಖ ತಿರುಗಿಸಿಕೊಂಡಳು. ಆ ತಿರುಗಿದ ಮುಖವನ್ನು ಪೆನೀನಾ ಬೂದಿಯೊಳಗಿನ ಕೆಂಡದಂತೆ ಕಾಪಾಡಿಕೊಂಡು ಬಂದಿದ್ದಳು. ಅವನಿಗೂ ಅವನ ಜೊತೆ ಬಂದವರೆಲ್ಲರಿಗೂ ಈ ಕೆಟ್ಟ ಗಡ್ಡೆಯನ್ನೇ ಉಣಿಸುತ್ತೇನೆ ಎಂದು ಅವಳು ನಿಶ್ಚಯಿಸಿದ್ದಳು.

ಮಧ್ಯಾಹ್ನ ಸಭಾಮಂಟಪದ ಚಾಪೆಯ ಮೇಲೆ ಮಂತ್ರಿ ಹೂಮಾಲೆ ಹಾಕಿಕೊಂಡು ಕೂತ. ಪಕ್ಕದಲ್ಲಿ ಅವನ ಕಚೇರಿಯ ಹುಡುಗಿ ಕ್ಯಾರಾ. ತಡೆಗೋಡೆಯ ಮಾತು ಮುಗಿದ ಮೇಲೆ ಕಿತಿಯೋನಾ ಮೆಲ್ಲಗೆ ಗಣಿಯ ವಿಷಯ ಎತ್ತಿದ.

"ಅದು ನಮ್ಮ ಮನೆಯೊಳಗಿನ ವಿಷಯ ಹಿರಿಯರೇ," ಎಂದ ಮಂತ್ರಿ. "ಗಣಿ ನಂಬ್ಕೊಂಡೇ ಬದುಕೋ ಊರುಗಳಿವೆ ನಮ್ಮಲ್ಲಿ. ಅವರ ಮಕ್ಕಳಿಗೂ ನಾನೇ ಉತ್ತರ ಹೇಳ್ಬೇಕು. ಅದಕ್ಕೂ ನಿಮ್ಮ ಮೇಲಿನ ಪ್ರೀತಿಗೂ ಸಂಬಂಧ ಇಲ್ಲ."

ಪೆನೀನಾ ಬಡಿಸಲು ಎದ್ದಳು. ತೆಂಗಿನ ಹಾಲು ಸುರಿದಿದ್ದರೂ ಗಡ್ಡೆಯ ಕಂದುಬಣ್ಣ ಅಡಗಲಿಲ್ಲ. ಬೀಸಣಿಗೆ ಆಡಿಸುತ್ತಿದ್ದ ಹೆಂಗಸರ ಕೈಗಳು ನಿಂತವು. ಮಂತ್ರಿ ಕಚ್ಚಿದ. ಗಂಟಲು ಹಿಡಿಯಿತು, ಕಣ್ಣಲ್ಲಿ ನೀರಾಡಿತು. ಎದುರಿಗೆ ಕ್ಯಾಮೆರಾ ಇತ್ತು. ಅವನು ಎದೆ ಮುಟ್ಟಿಕೊಂಡ.

"ಜನ್ಮದಲ್ಲೇ ಇಂಥ ರುಚಿ ಕಂಡಿಲ್ಲ."

ಅದೇ ಮಾತು. ಹಿಂದಿನ ಸಾಲಿನ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಪೆನೀನಾ ಇನ್ನೆರಡು ಗಡ್ಡೆ ಹಾಕಿದಳು.

"ಹೊಗಳಿದೋರ ಎಲೆ ಖಾಲಿ ಬಿಡಬಾರದು, ನಮ್ಮ ಪದ್ಧತಿ."

ಅವನು ತಿಂದ. ಅವಳು ಮತ್ತೆ ಹಾಕಿದಳು. ಒಂದೊಂದು ತುತ್ತು ಅವನ ಗಂಟಲಿನಲ್ಲಿ ಇಳಿಯುವುದನ್ನು ನೋಡುವಾಗ ಅವಳ ಎದೆಗೆ ತಂಪೆನಿಸುತ್ತಿತ್ತು.

ಆಗ ಕ್ಯಾರಾ ತನ್ನ ತುಂಡನ್ನು ಎಲೆಯ ಮೇಲೆ ಇಟ್ಟಳು.

"ಕ್ಷಮಿಸಿ ಅಮ್ಮಾ, ಇದು ಉಪ್ಪುಪ್ಪು, ಕಹಿ. ನನ್ನ ಕೈಲಿ ತಿನ್ನಕ್ಕಾಗ್ತಿಲ್ಲ." ಮಂತ್ರಿ ಕಣ್ಣು ಕೆಂಪು ಮಾಡಿ ನೋಡಿದ. ಹುಡುಗಿಯ ಕಿವಿಗಳು ಕೆಂಪೇರಿದವು. ಆದರೂ ಕೇಳಿದಳು: "ಏನಾಗಿದೆ ಇದಕ್ಕೆ?"

ತಾಯಿ ಬದುಕಿದ್ದಾಗ ಯಾರೂ ಬಂದು ಕೇಳದ ಪ್ರಶ್ನೆ. ಪೆನೀನಾಳ ಕೈಯ ಸೌಟು ಕೆಳಗಿಳಿಯಿತು.

"ಕುಳಿಗೆ ಸಮುದ್ರ ಬಂದಿದೆ ಮಗಳೇ."

ಅವಳು ಹುಡುಗಿಯ ಎಲೆ ತೆಗೆದು, ಹೊಸ ಎಲೆ ಹಾಸಿ, ಮನೆಯವರಿಗೆಂದು ಎತ್ತಿಟ್ಟ ಬಿಸಿ ಅನ್ನ, ಸುಟ್ಟ ಮೀನು ತಂದು ಬಡಿಸಿದಳು. ಎಳನೀರು ಕೆತ್ತಿ ಕೈಗಿಟ್ಟಳು. ಮಂತ್ರಿಗೆ ಜೀವ ಬಂದಂತಾಯಿತು. ಅವನೂ ತನ್ನ ಎಲೆಯನ್ನು ಮುಂದೆ ಸರಿಸಿದ.

"ನಿಮಗೆ ಇದೇ ರುಚಿ ಅಲ್ವಾ?" ಎಂದು ಪೆನೀನಾ ಪುಲಾಕಾ ಹಾಕಿದಳು.

ಕಿತಿಯೋನಾ ಪುಲಾಕಾದ ಪಾತ್ರೆಯನ್ನು ಸೋದರಸೊಸೆಯ ಕೈಗೆ ಎಟುಕುವಂತೆ ಇನ್ನಷ್ಟು ಹತ್ತಿರ ಸರಿಸಿದ.