ನೀಲಿ ಟೇಪಿನ ಗೆರೆ

“ಗೆರೆ ದಾಟ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ? ದರಿದ್ರದವಳೆ, ಹಿಂದಕ್ಕೆ ಹೋಗು.”

ಮನೆಯೊಡತಿ ಇಂದು ಬೈದದ್ದು ಹಿತ್ತಲಿನ ಗಾಜಿನ ಬಾಗಿಲ ಸಂದಿಯಿಂದ. ಕೋಳಿಗೂಡು ಉಜ್ಜುತ್ತಿದ್ದ ಭದ್ರಮ್ಮ ತಲೆ ಸುತ್ತಿದ್ದರಿಂದ ಮೆಟ್ಟಿಲು ಹಿಡಿಯಲು ಬಂದಿದ್ದಳು, ಅಷ್ಟೆ. ಮೆಟ್ಟಿಲ ಮುಂದೆ ಕಾಂಕ್ರೀಟಿನ ಮೇಲೆ ನೀಲಿ ಟೇಪು ಅಂಟಿಸಿದ್ದರು. ಅದರಾಚೆ ಮನೆ. ಈಚೆ ಕೋಳಿ ಮತ್ತು ಭದ್ರಮ್ಮ.

ಅಮೆರಿಕದ ಸನ್ನಿವೇಲಿನ ಆ ಮನೆಗೆ ಅವಳನ್ನು ಚಿಕ್ಕಮ್ಮ ಎಂದು ಹೇಳಿಕೊಂಡು ವಿಸಿಟರ್ ವೀಸಾದಲ್ಲಿ ಕರೆತಂದಿದ್ದರು. ಚಿಕ್ಕಮ್ಮನ ಪಟ್ಟ ಏರ್‌ಪೋರ್ಟಿನಲ್ಲೇ ಇಳಿದುಹೋಯಿತು. ವೀಸಾ ಎಂದೋ ಮುಗಿದಿತ್ತು, ಪಾಸ್‌ಪೋರ್ಟು ಇಂದುವಿನ ಬೀರುವಿನಲ್ಲಿತ್ತು. ಮೊಟ್ಟೆಯ ಬೆಲೆ ಏರಿದಾಗ ಇಂದುವಿನ ಗಂಡ ರಘೋತ್ತಮ ಹಿತ್ತಲಲ್ಲಿ ಕೋಳಿ ಸಾಕತೊಡಗಿದ. ಊರಿನಲ್ಲಿ ಮೊಟ್ಟೆಯ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಮನೆತನ. ಇಲ್ಲಿ ಮೊಟ್ಟೆ ಆರ್ಗ್ಯಾನಿಕ್ ಆಗಿ ಮೈಲಿಗೆ ಕಳೆದುಕೊಂಡಿತ್ತು. ಭದ್ರಮ್ಮನಿಗೆ ಆ ಭಾಗ್ಯ ಬರಲಿಲ್ಲ. ಹಕ್ಕಿಜ್ವರದ ಸುದ್ದಿ ಬರುವ ಮುಂಚೆಯೂ ಅವಳ ತಟ್ಟೆ, ಲೋಟ, ಚಾಪೆ ಗ್ಯಾರೇಜಿನಲ್ಲೇ ಇದ್ದವು. ಸುದ್ದಿ ಬಂದಮೇಲೆ ಟೇಪು ಬಂತು.

ಹೋದ ವಾರ ಎರಡು ಕೋಳಿ ಕತ್ತು ತಿರುಚಿಕೊಂಡು ಸತ್ತವು. ಅವನ್ನು ಅವಳ ಬರಿಗೈಯಲ್ಲಿ ಎತ್ತಿಸಿ, ಕವರಿಗೆ ಕಟ್ಟಿಸಿ, ಕಸಕ್ಕೆ ಹಾಕಿಸಿದರು. ಆಮೇಲೆ ಅವಳ ಕಣ್ಣು ಕೆಂಡವಾಯಿತು, ಜ್ವರ ಏರಿತು, ಉಸಿರೆಳೆದರೆ ಎದೆ ಚುಚ್ಚತೊಡಗಿತು. ಡಾಕ್ಟರಿಗೆ ತೋರಿಸಿ ಎಂದು ಗೋಗರೆದಳು. ಡಾಕ್ಟರಿಗೆ ತಿಳಿದರೆ ಹೆಲ್ತ್ ಆಫೀಸಿನವರು ಬರುತ್ತಾರೆ, ಅವರು ಬಂದರೆ ನಿನ್ನನ್ನು ಜೈಲಿಗೆ ಹಾಕುತ್ತಾರೆ ಎಂದು ಇಂದು ಹೆದರಿಸಿದಳು. ಜ್ವರದ ಗುಳಿಗೆಯನ್ನು ಗೆರೆಯಾಚೆಯಿಂದಲೇ ಎಸೆದಳು.

ಅಂದು ಮಧ್ಯಾಹ್ನ ಸಂಯುಕ್ತಾ ಬಂದಳು. ಕನ್ನಡ ಕೂಟದಲ್ಲಿ ಪರಿಚಯವಾದ ಹುಡುಗಿ, ಮಾನವ ಭೂಗೋಳಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ಜನ ತಮ್ಮ ಮನೆಯಲ್ಲಿ ರೋಗಕ್ಕೆ ಹೇಗೆ ಗಡಿ ಹಾಕುತ್ತಾರೆ ಎಂಬುದೇ ಅವಳ ಸಂಶೋಧನೆ. ಅದಕ್ಕೆ ಕೈತುಂಬ ಫೆಲೋಶಿಪ್ಪು. ಕೋಳಿ ಸತ್ತ ಸುದ್ದಿ ಎತ್ತಿದರೆ ಜೋಕೆ ಎಂದು ಇಂದು ಮೊದಲೇ ಭದ್ರಮ್ಮನ ಬಾಯಿಗೆ ಬೀಗ ಹಾಕಿದ್ದಳು.

ಇಂದು ಬೆಳ್ಳಿ ಲೋಟಗಳಲ್ಲಿ ಕಾಫಿ ಬೆರೆಸಿ ಟೇಬಲ್ಲಿನ ಮೇಲಿಟ್ಟು, ಆರುವಷ್ಟರಲ್ಲಿ ಹಿತ್ತಲು ತೋರಿಸಲು ಹೊರಟಳು. ಟೇಪು, ಕಾಲು ಅದ್ದುವ ಕ್ಲೋರಿನ್ ನೀರಿನ ಟ್ರೇ, ಬೇರೆ ಚಪ್ಪಲಿ, ಬೇರೆ ತಟ್ಟೆ. ಬಯೋಸೆಕ್ಯುರಿಟಿ ನಮಗೇನೂ ಹೊಸದಲ್ಲ, ಅಜ್ಜಿ ಮಡಿ ಅನ್ನುತ್ತಿದ್ದರಲ್ಲ, ಅದೇ ಎಂದಳು. ಸಂಯುಕ್ತಾಳ ಮುಖ ಅರಳಿತು. ಗೆರೆಯ ಹತ್ತಿರ ಬಂದು ನಿಂತಳು.

“ಅಮ್ಮಾ, ಇದನ್ನ ದಾಟ್ಬಾರ್ದು ಅಂತ ನಿಮಗೆ ಟ್ರೇನಿಂಗು ಯಾರು ಕೊಟ್ಟಿದ್ದು?”

“ನಮ್ಮವ್ವ ಕಣವ್ವ. ನಂಜನಗೂಡು ತಾವು, ಇವ್ರ ತಾತನ ಮನೆ ಹಿತ್ಲಲ್ಲಿ. ಅಲ್ಲಿ ಟೇಪು ಇರ್ನಿಲ್ಲ, ಅಷ್ಟೆ.”

“ವಾವ್, ಇದು ಟ್ರೆಡಿಷನಲ್ ನಾಲೆಡ್ಜು, ಇಂದು ಅವ್ರೆ. ನನ್ನ ಗೈಡಿಗೆ ತುಂಬಾ ಇಷ್ಟ ಆಗತ್ತೆ.”

ತಟ್ಟೆ ಲೋಟದ ಫೋಟೊ ತೆಗೆದಳು. ಭದ್ರಮ್ಮನಿಗೆ ನಗುವೂ ಬಂತು, ಕೆಮ್ಮೂ ಬಂತು. ಕೆಮ್ಮೇ ಗೆದ್ದಿತು. ಇವಳಿಗೂ ಹೇಳದಿದ್ದರೆ ಗ್ಯಾರೇಜಿನ ಚಾಪೆಯ ಮೇಲೇ ಸಾಯುತ್ತೇನೆ ಅನ್ನಿಸಿತು.

“ಕೋಳಿ ಸತ್ತೋದೊ ಕಣವ್ವ. ನಾನೇ ಎತ್ತಿದ್ದು. ಈಗ ನನ್ ಜೀವ ಓಯ್ತಾದೆ. ಒಸಿ ಆಸ್ಪತ್ರೆಗೆ ಕರ್ಕೊಂಡೋಗು.”

ಇಂದು ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕಳು. ಸಂಯುಕ್ತಾ ನಗಲಿಲ್ಲ. ಹಿಂದೆ ಸರಿದು ಮಾಸ್ಕು ಏರಿಸಿಕೊಂಡಳು. ತಾನು ನೋಡುವುದಕ್ಕಷ್ಟೇ ಬಂದವಳು, ಮನೆಯವರ ಗುಟ್ಟು ಹೊರಗೆ ಬಿಡುವುದಿಲ್ಲವೆಂದು ಮಾತು ಕೊಟ್ಟಾಗಿದೆ, ಗೈಡಿಗೆ ಮೇಲ್ ಹಾಕಿ ಕೇಳುತ್ತೇನೆ, ಸೋಮವಾರ ಉತ್ತರ ಬರಬಹುದು ಎಂದಳು. ಇಂದು ಅವಳ ಭುಜ ಹಿಡಿದು ಒಳಗೆ ಕರೆದೊಯ್ದಳು. ಗಾಜಿನಾಚೆ ಇಬ್ಬರೂ ಟೇಬಲ್ಲಿಗೆ ಕೂತದ್ದು, ಸಂಯುಕ್ತಾ ಮಾಸ್ಕು ಇಳಿಸಿ ಕಾಫಿ ಗುಟುಕರಿಸಿದ್ದು ಭದ್ರಮ್ಮನಿಗೆ ಕಾಣುತ್ತಿತ್ತು.

ಸೋಮವಾರದ ತನಕ ತನ್ನ ಉಸಿರು ಕಾಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅವ್ವ ಕಲಿಸಿದ ಗೆರೆಯನ್ನು ಅವಳು ತುಳಿದಳು. ಟ್ರೇಯನ್ನು ಒದ್ದಳು, ಕ್ಲೋರಿನ್ ನೀರು ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಬಾಗಿಲು ಸರಿಸಿ ಒದ್ದೆ ಕಾಲಿನಲ್ಲಿ ಮರದ ನೆಲ ದಾಟಿ ಬಂದಳು.

“ಭದ್ರಿ, ಹೊರಗೆ ನಡಿ,” ಎಂದಳು ಇಂದು.

“ಬಾಯ್ಮುಚ್ಚೇ ಬೇವಾರ್ಸಿ. ನಿನ್ ಮಡಿ ಮನೆ ಹಾಳಾಗ.”

ಇಂದುವಿನ ಲೋಟ ಎತ್ತಿಕೊಂಡಳು. ಹುಟ್ಟಿದಾಗಿನಿಂದ ಬಾಯಿಗೆ ತಾಗಿಸದೆ ಎತ್ತಿ ಕುಡಿದವಳು ಈಗ ಬೆಳ್ಳಿಯ ಅಂಚಿಗೆ ಒಡೆದ ತುಟಿ ಒತ್ತಿ ಕಚ್ಚಿ ಕುಡಿದಳು. ಸಂಯುಕ್ತಾಳ ಲೋಟದಿಂದಲೂ ಕುಡಿದಳು. ಎರಡನ್ನೂ ಅವರವರ ಮುಂದೆ ಇಟ್ಟು, ಕುರ್ಚಿ ಎಳೆದುಕೊಂಡು ನಡುವೆ ಕೂತು, ಕೈ ಅಡ್ಡ ಹಿಡಿಯದೆ ಕೆಮ್ಮಿದಳು.

“ಈಗ ಕರೀರಿ ಡಾಕ್ಟ್ರ. ನಂಗೆ ಬ್ಯಾಡ. ನಿಮ್ಗೆ.”

ಇಂದುವಿನ ಕೈ ಫೋನಿನ ಕಡೆಗೆ ಹೋಯಿತು. ಡಾಕ್ಟರಿಗೋ, ಪೊಲೀಸರಿಗೋ ಎಂದು ಭದ್ರಮ್ಮ ಕೆಂಪು ಕಣ್ಣು ಮಿಟುಕಿಸದೆ ಆ ಬೆರಳುಗಳನ್ನೇ ನೋಡುತ್ತ ಕೂತಳು.